ವೆಟ್‌ಸೂಟ್ ಹಾಕಬೇಕಾ, ಬೇಡವಾ? ವಿಂಡರ್‌ಮಿಯರ್‌ಗೆ ಇಳಿಯುವ ಮುಂಚೆ

ಪ್ರಶ್ನೆ: ನನಗೆ 41 ವರ್ಷ. ಊರು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಏಳು ವರ್ಷದಿಂದ ಮ್ಯಾಂಚೆಸ್ಟರ್‌ನಲ್ಲಿದ್ದೇವೆ. ಚಿಕ್ಕವಳಿದ್ದಾಗ ತಾತ ಬೆನ್ನಿಗೆ ಸೋರೆಬುರುಡೆ ಕಟ್ಟಿ ತೋಟದ ಬಾವಿಯಲ್ಲಿ ಈಜು ಕಲಿಸಿದ್ದರು. ಇಲ್ಲಿಗೆ ಬಂದ ಮೇಲೆ ಈಜುಕೊಳದಲ್ಲಿ ಫ್ರೀಸ್ಟೈಲ್ ಕಲಿತೆ. ಈಗ ವಾರಕ್ಕೆ ಎರಡು ಸಲ ಹೋಗುತ್ತೇನೆ. ಒಂದು ಮೈಲಿ ಮುಗಿಸಲು ಸುಮಾರು 55 ನಿಮಿಷ ಬೇಕು. ಜೂನ್ ಮಧ್ಯದಲ್ಲಿ ವಿಂಡರ್‌ಮಿಯರ್ ಸರೋವರದಲ್ಲಿ ನಡೆಯುವ ಒಂದು ಮೈಲಿ ಈಜಿಗೆ ಹೆಸರು ಕೊಟ್ಟಿದ್ದೇನೆ. ವೆಟ್‌ಸೂಟ್, ಅಂದರೆ ಚಳಿ ತಡೆಯಲು ಮೈಗೆ ಅಂಟಿದಂತೆ ಹಾಕುವ ರಬ್ಬರಿನ ಉಡುಗೆ, ಹಾಕುವುದು ಬಿಡುವುದು ನಿಮ್ಮಿಷ್ಟ ಎಂದು ಆಯೋಜಕರು ಬರೆದಿದ್ದಾರೆ. ಅಂಗಡಿಯಲ್ಲಿ ಒಂದು ಹಾಕಿ ನೋಡಿದೆ. ಕುತ್ತಿಗೆ ಹಿಸುಕಿದ ಹಾಗಾಯಿತು, ಎದೆ ಕಟ್ಟಿತು, ಐದೇ ನಿಮಿಷಕ್ಕೆ ಬಿಚ್ಚಿ ಹಾಕಿದೆ. ಜೊತೆಯಲ್ಲಿ ಈಜುವ ಇಲ್ಲಿನ ಗೆಳತಿಯರು ಸೂಟ್ ಅಂದರೆ ಮೋಸ, ಬರೀ ಸ್ವಿಮ್‌ಸೂಟಿನಲ್ಲಿ ಈಜಿದರೇನೇ ಈಜು ಅನ್ನುತ್ತಾರೆ. ಅಮ್ಮ ಫೋನಿನಲ್ಲಿ "ಮೈಗೆಲ್ಲ ಕೊಬ್ಬರಿ ಎಣ್ಣೆ ಹಚ್ಕೊಂಡು ಇಳಿ, ಚಳಿ ತಾಕಲ್ಲ" ಅಂದರು. ಕಳೆದ ವಾರ, ಅಂದರೆ ಮೇ ಮೊದಲ ವಾರ, ಒಂದು ಜಲಾಶಯದಲ್ಲಿ ಸೂಟಿಲ್ಲದೆ ಇಳಿದೆ. ನೀರು 12 ಡಿಗ್ರಿ ಇತ್ತು. ಉಸಿರೇ ಸಿಗಲಿಲ್ಲ. ಮುಗಿಯಿತು ನನ್ನ ಕಥೆ ಅನ್ನಿಸಿತು. ಎರಡು ನಿಮಿಷಕ್ಕೆ ಎದ್ದು ಬಂದೆ. ನಮ್ಮಂಥವರ ಮೈಗೆ ಈ ಚಳಿ ಆಗಿಬರೋದೇ ಇಲ್ವಾ? ನನಗೆ ಬಿಪಿ ಇದೆ, ದಿನಕ್ಕೊಂದು ಮಾತ್ರೆ ತಗೊಳ್ತೀನಿ. ಇನ್ನೊಂದು: ಸೂಟ್ ಕೊಂಡರೆ, ಅಕ್ಟೋಬರ್‌ನಲ್ಲಿ ಗೋವಾದ ಟ್ರಯಥ್ಲಾನ್‌ಗೆ ಹೋಗುವ ನನ್ನ ತಂಗಿಗೂ ಅದೇ ಆಗುತ್ತದಾ? ಇಬ್ಬರದೂ ಒಂದೇ ಅಳತೆ.

ಉತ್ತರ: ನೀವು ಕೇಳಿದ್ದು ಸೂಟಿನ ಬಗ್ಗೆ. ನನ್ನ ಕಣ್ಣು ನಿಂತದ್ದು ಮಾತ್ರ ಜಲಾಶಯದ ಆ ಎರಡು ನಿಮಿಷದ ಮೇಲೆ. ಅಲ್ಲಿ ಏನಾಯಿತು ಅಂತ ಬಿಡಿಸಿ ಹೇಳಿದರೆ ಸೂಟಿನ ವಿಷಯ ಅರ್ಧ ತಾನಾಗಿಯೇ ತೀರ್ಮಾನವಾಗುತ್ತದೆ.

ನಾನು ಕುಂದಾಪುರದ ಕಡೆಯವನು. ಈಜು ಕಲಿಸುವುದೇ ಕೆಲಸ. ಅದರಲ್ಲಿ ಒಂಬತ್ತು ವರ್ಷ ಇಂಗ್ಲೆಂಡಿನ ಉತ್ತರದ ಸರೋವರಗಳಲ್ಲಿ ಕಳೆದಿದ್ದೇನೆ. ಅಲ್ಲಿ ಮೊದಲ ಸಲ ಇಳಿದಾಗ ನನಗೂ ಹೀಗೇ ಆಗಿತ್ತು. ಕಡಲ ದಂಡೆಯಲ್ಲಿ ಬೆಳೆದವನು ಅಂತ ಜಂಬ ಬೇರೆ. ನೀರು ಎದೆ ಮುಟ್ಟುತ್ತಿದ್ದ ಹಾಗೆ ಬಾಯಿಂದ ಒಂದು ವಿಚಿತ್ರ ಸದ್ದು ಹೊರಟಿತು. ಪಕ್ಕದಲ್ಲಿ ಆರಾಮಾಗಿ ತೇಲುತ್ತಿದ್ದ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ತಿರುಗಿ ನೋಡಿ ನಕ್ಕರು.

ನಿಮಗೆ ಆದದ್ದಕ್ಕೆ ಕೋಲ್ಡ್ ಶಾಕ್ ಅನ್ನುತ್ತಾರೆ. ಚರ್ಮ ಇದ್ದಕ್ಕಿದ್ದಂತೆ ತಣ್ಣಗಾದಾಗ ಮೈ ನಮ್ಮನ್ನು ಕೇಳದೆಯೇ ಒಂದು ದೊಡ್ಡ ಉಸಿರು ಎಳೆದುಕೊಳ್ಳುತ್ತದೆ. ಆಮೇಲೆ ಉಸಿರು ಒಂದರ ಮೇಲೊಂದು ಏರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಜಿಗಿಯುತ್ತದೆ. ಮೊದಲ ಅರ್ಧ ನಿಮಿಷದಲ್ಲಿ ಇದು ತುದಿ ಮುಟ್ಟಿ, ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ. ಅಂದರೆ ನೀವು ಎದ್ದು ಬಂದದ್ದು ಸರಿಯಾಗಿ ಅದು ಇಳಿಯುವ ಹೊತ್ತಿಗೆ. ಎದ್ದದ್ದು ತಪ್ಪು ಅಂತ ಹೇಳುತ್ತಿಲ್ಲ. ಗೊತ್ತಿಲ್ಲದ ನೀರಿನಲ್ಲಿ ಹೆದರಿಕೆಯಾದರೆ ಎದ್ದು ಬರಬೇಕು. ಆದರೆ 'ನನ್ನ ಕೈಲಿ ಆಗಲ್ಲ' ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಮತ್ತು ಅವರ ತಂಡ ದಶಕಗಳಿಂದ ಇದನ್ನೇ ಅಧ್ಯಯನ ಮಾಡುತ್ತಿದೆ. ಅವರ ಕೆಲಸದಿಂದ ನಮ್ಮಂಥ ಕೋಚ್‌ಗಳು ಕಲಿತದ್ದು ಎರಡು. ಒಂದು, ಈ ಶಾಕ್ ಜೋರಾಗಿ ಬರಲು ಹಿಮದ ನೀರೇ ಬೇಕಾಗಿಲ್ಲ, 10ರಿಂದ 15 ಡಿಗ್ರಿಯ ನೀರು ಸಾಕು. ಬ್ರಿಟನ್ನಿನ ವಸಂತಕಾಲದ ಕೆರೆಗಳೆಲ್ಲ ಇದೇ ಲೆಕ್ಕದಲ್ಲಿ ಬರುತ್ತವೆ. ಎರಡು, ಮೈ ಇದನ್ನು ಬೇಗ ಕಲಿಯುತ್ತದೆ. ತಲಾ ಎರಡು ಮೂರು ನಿಮಿಷದಂತೆ ಐದಾರು ಸಲ ತಣ್ಣೀರಿನಲ್ಲಿ ಮುಳುಗಿ ಎದ್ದರೆ ಶಾಕ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಈ ಅಭ್ಯಾಸ ತಿಂಗಳುಗಟ್ಟಲೆ ಉಳಿಯುತ್ತದೆ. ನಿಮ್ಮ ಹತ್ತಿರ ಇನ್ನೂ ಐದು ವಾರ ಇದೆ. ಇನ್ನೇನು ಬೇಕು?

'ನಮ್ಮಂಥವರ ಮೈ' ಅಂದಿರಲ್ಲ, ಆ ಮಾತು ಅಲ್ಲಿರುವಾಗ ನಮ್ಮವರ ಬಾಯಲ್ಲಿ ನೂರು ಸಲ ಕೇಳಿದ್ದೇನೆ. 1958ರ ಸೆಪ್ಟೆಂಬರ್‌ನಲ್ಲಿ ಮಿಹಿರ್ ಸೇನ್ ಇಂಗ್ಲಿಷ್ ಕಾಲುವೆ ದಾಟಿದರು. ಮರುವರ್ಷ ಅದೇ ತಿಂಗಳು ಆರತಿ ಸಾಹಾ ದಾಟಿದರು, ಆಗ ಅವರಿಗೆ 19 ವರ್ಷ. ಇಬ್ಬರೂ ನಮ್ಮ ದೇಶದ ಸೆಕೆಯಲ್ಲೇ ಬೆಳೆದವರು. ಇಬ್ಬರಿಗೂ ವೆಟ್‌ಸೂಟ್ ಇರಲಿಲ್ಲ. ಚಳಿ ತಡೆಯುವುದು ಯಾವ ದೇಶದಲ್ಲಿ ಹುಟ್ಟಿದೆವು ಎಂಬುದರ ಮೇಲೆ ನಿಂತಿಲ್ಲ. ಚರ್ಮದ ಕೆಳಗೆ ಕೊಬ್ಬು ಎಷ್ಟಿದೆ, ಮೈಕಟ್ಟು ಎಷ್ಟು ದೊಡ್ಡದು, ತಣ್ಣೀರಿನ ರೂಢಿ ಎಷ್ಟಿದೆ, ಇವೇ ಮುಖ್ಯ. ಸಣ್ಣಗಿರುವವರು ಬೇಗ ತಣ್ಣಗಾಗುತ್ತಾರೆ, ಅವರು ಲಂಡನ್ನಿನವರಾದರೂ ಅಷ್ಟೇ, ಲಿಂಗಸುಗೂರಿನವರಾದರೂ ಅಷ್ಟೇ. ನಮಗೆ ಇಲ್ಲದ್ದು ರೂಢಿ. ನಿಮ್ಮ ತೋಟದ ಬಾವಿಯ ನೀರು ಬೆಳಗ್ಗೆ ಎಷ್ಟೇ ತಣ್ಣಗೆ ಅನ್ನಿಸಿದರೂ 24-25 ಡಿಗ್ರಿ ಇದ್ದೇ ಇರುತ್ತದೆ. ಈಜುಕೊಳದಲ್ಲಿ 28ರ ಆಸುಪಾಸು. ಅಲ್ಲಿಂದ 12ಕ್ಕೆ ಒಂದೇ ಸಲ ಹಾರಿದ್ದೀರಿ.

ಈಗ ಸೂಟಿಗೆ ಬರೋಣ.

ವೆಟ್‌ಸೂಟಿನ ಒಳಗೆ ತೆಳ್ಳಗೆ ನೀರು ಸೇರಿಕೊಂಡು, ಮೈಬಿಸಿಗೆ ಬೆಚ್ಚಗಾಗಿ, ನಮ್ಮನ್ನು ಬೆಚ್ಚಗಿಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅಂಗಡಿಯವರೂ ಹೇಳುತ್ತಾರೆ. ಇದು ಅರ್ಧ ಸತ್ಯ. ಕುರಿ ಕಂಬಳಿ ಯಾಕೆ ಬೆಚ್ಚಗಿರುತ್ತದೆ? ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಸೂಟ್ ಮಾಡುವ ನಿಯೋಪ್ರೀನ್ ಕೂಡ ಹಾಗೇ. ಅದು ರಬ್ಬರು, ಆದರೆ ಒಳಗೆಲ್ಲ ಸಣ್ಣ ಸಣ್ಣ ಗುಳ್ಳೆ, ಗುಳ್ಳೆಯೊಳಗೆ ಅನಿಲ. ಚಳಿ ತಡೆಯುವುದು ಆ ಗುಳ್ಳೆಗಳು. 1950ರ ದಶಕದ ಶುರುವಿನಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಈ ಸೂಟನ್ನು ರೂಪಿಸಿದಾಗ ಹೊಳೆದದ್ದೇ ಇದು: ಬೆಚ್ಚಗಿರಲು ಮೈ ಒಣಗಿರಬೇಕೆಂದೇನಿಲ್ಲ, ಮೈಮೇಲೆ ಗುಳ್ಳೆಗಳ ಒಂದು ಪದರ ಇದ್ದರೆ ಸಾಕು. ಒಳಗೆ ಸೇರಿದ ನೀರು ಅಲ್ಲಾಡದೆ ನಿಂತಿದ್ದರೆ ತೊಂದರೆಯಿಲ್ಲ. ಅದು ಹರಿದಾಡತೊಡಗಿದರೆ ಕೆಟ್ಟಿತು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆಯುತ್ತದೆ. ಪ್ರತಿ ಸಲ ಕೈ ಬೀಸಿದಾಗಲೂ ಕುತ್ತಿಗೆಯಿಂದ ಹೊಸ ತಣ್ಣೀರು ಒಳಗೆ ನುಗ್ಗಿದರೆ ಐನೂರು ಪೌಂಡಿನ ಸೂಟೂ ದಂಡ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಮೊದಲ ವರ್ಷ ದುಡ್ಡು ಉಳಿಸಲು ಒಂದು ಸೂಟ್ ಬಾಡಿಗೆಗೆ ತಂದೆ. ನಿಮ್ಮ ಹಾಗೆ ನನಗೂ ಬಿಗಿ ಅಂದರೆ ಭಯ, ಹಾಗಾಗಿ ಒಂದು ಸೈಜ್ ದೊಡ್ಡದೇ ಕೇಳಿದೆ. ನೀರಿಗೆ ಬಿದ್ದ ಮೇಲೆ ಸೊಂಟದ ಹತ್ತಿರ ನೀರು ತುಂಬಿ ಸೂಟು ಸಿಂಟೆಕ್ಸ್ ಟ್ಯಾಂಕಿನಂತಾಯಿತು. ಬೆಚ್ಚಗೂ ಇಲ್ಲ, ಹಗುರವೂ ಇಲ್ಲ. ಅರ್ಧ ದಾರಿಯಲ್ಲಿ ಕಾವಲಿನ ಕಯಾಕ್ (ಸಣ್ಣ ದೋಣಿ) ಹಿಡಿದುಕೊಂಡು ವಾಪಸ್ ಬಂದೆ. ಜೀವಮಾನದಲ್ಲಿ ನಾನು ಅರ್ಧಕ್ಕೆ ಬಿಟ್ಟ ಈಜು ಅದೊಂದೇ.

ಸೂಟಿನ ಎರಡನೇ ಗುಣ ನಿಮಗೆ ನಾನು ಹೇಳಬೇಕಾಗಿಯೇ ಇಲ್ಲ. ನಿಮ್ಮ ತಾತ ಅದನ್ನು ಬೆನ್ನಿಗೆ ಕಟ್ಟಿದ್ದರು. ಗುಳ್ಳೆ ಇರುವುದರಿಂದ ನಿಯೋಪ್ರೀನ್ ತೇಲುತ್ತದೆ. ಸೋರೆಬುರುಡೆ ಒಂದೇ ಕಡೆ ಎತ್ತುತ್ತದೆ, ಸೂಟು ಇಡೀ ಮೈಯನ್ನು, ಅದರಲ್ಲೂ ಸೊಂಟ ಮತ್ತು ಕಾಲನ್ನು, ಎತ್ತುತ್ತದೆ. ಕಾಲು ಮುಳುಗುವವರಿಗೆ ಇದರಿಂದ ತುಂಬ ಅನುಕೂಲ. ನೀರಿನ ಎಳೆತ ಕಡಿಮೆಯಾಗುತ್ತದೆ, ಅದೇ ಶ್ರಮಕ್ಕೆ ಜಾಸ್ತಿ ದೂರ ಹೋಗುತ್ತೀರಿ. ಒಂದು ಮೈಲಿಗೆ 55 ನಿಮಿಷ ತೆಗೆದುಕೊಳ್ಳುವವರು ಕೆಲವು ನಿಮಿಷ ಉಳಿಸುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಆದರೆ ಬಾವಿಯಲ್ಲಿ ಕಲಿತವರಿಗೆ ಇಲ್ಲೊಂದು ಎಡವಟ್ಟಿದೆ. ಬಾವಿಯಲ್ಲಿ ನಾವೆಲ್ಲ ತಲೆ ಎತ್ತಿಕೊಂಡೇ ಈಜುತ್ತೇವೆ, ಅಲ್ವಾ? ಮೇಲೆ ಕೂತವರ ಜೊತೆ ಮಾತಾಡಬೇಕಲ್ಲ! ಫ್ರೀಸ್ಟೈಲ್ ಕಲಿತ ಮೇಲೂ, ಸುಸ್ತಾದಾಗ ಅಥವಾ ದಾರಿ ನೋಡಬೇಕಾದಾಗ ಹಳೇ ಚಾಳಿ ವಾಪಸ್ ಬರುತ್ತದೆ. ಸೂಟಿನಲ್ಲಿ ಕಾಲು ಮೇಲೆ, ತಲೆಯೂ ಮೇಲೆ ಅಂದರೆ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಹತ್ತು ನಿಮಿಷಕ್ಕೆ ಸೊಂಟ ಹಿಡಿದುಕೊಳ್ಳುತ್ತದೆ. ಕುತ್ತಿಗೆಯ ಹಿಂಭಾಗ ಕಾಲರ್‌ಗೆ ಉಜ್ಜಿ ಚರ್ಮ ಕಿತ್ತುಹೋಗುತ್ತದೆ. ಹಾಗಾಗಿ ಸೂಟ್ ಹಾಕಿದಾಗ ಮುಖ ನೀರಿನಲ್ಲಿರಬೇಕು, ದಾರಿ ನೋಡಲು ಕಣ್ಣಷ್ಟೇ ಮೇಲೆ ಬರಬೇಕು. ಮೊಸಳೆ ನೋಡಿದ ಹಾಗೆ. ಇದನ್ನು ಕೊಳದಲ್ಲೇ ಅಭ್ಯಾಸ ಮಾಡಿ.

ಇನ್ನು, ಗೆಳತಿಯರ 'ಮೋಸ'. ಈ ಮಾತಿಗೊಂದು ಹಿನ್ನೆಲೆ ಇದೆ. 1875ರಲ್ಲಿ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಾಲುವೆ ಈಜಿ ದಾಟಿದಾಗ ನಿಯೋಪ್ರೀನ್ ಎಂಬ ವಸ್ತುವೇ ಹುಟ್ಟಿರಲಿಲ್ಲ. ಇವತ್ತಿಗೂ ಕಾಲುವೆ ದಾಟಿದ್ದು ದಾಖಲೆಗೆ ಸೇರಬೇಕೆಂದರೆ ಮಾಮೂಲಿ ಈಜುಡುಗೆ, ಒಂದು ಕ್ಯಾಪ್, ಗಾಗಲ್ಸ್, ಅಷ್ಟೇ. ಅಲ್ಲಿ ಸೂಟ್ ಹಾಕಿದರೆ ಆ ಲೆಕ್ಕಕ್ಕೆ ಬರುವುದಿಲ್ಲ, ನ್ಯಾಯವೇ. ಅದು ಆ ಆಟದ ಕಟ್ಟಳೆ. ನಿಮ್ಮ ಆಟ ಬೇರೆ. ಅಂತರರಾಷ್ಟ್ರೀಯ ಈಜು ಸಂಸ್ಥೆ ವರ್ಲ್ಡ್ ಅಕ್ವಾಟಿಕ್ಸ್‌ನ ನಿಯಮ ನೋಡಿ: ತೆರೆದ ನೀರಿನ ಸ್ಪರ್ಧೆಗಳಲ್ಲಿ ನೀರು 20 ಡಿಗ್ರಿ ಅಥವಾ ಹೆಚ್ಚಿದ್ದರೆ ವೆಟ್‌ಸೂಟ್ ಹಾಕುವಂತಿಲ್ಲ, 18ರಿಂದ 20ರ ನಡುವೆ ಅವರವರ ಇಷ್ಟ, 18ಕ್ಕಿಂತ ಕೆಳಗೆ ಕಡ್ಡಾಯ. 16ಕ್ಕಿಂತ ಕೆಳಗಾದರೆ ಸ್ಪರ್ಧೆಯೇ ಇಲ್ಲ. ಜಗತ್ತಿನ ಅತಿ ವೇಗದ ಈಜುಗಾರರಿಗೆ, ದಿನಕ್ಕೆ ಎರಡು ಹೊತ್ತು ನೀರಿನಲ್ಲೇ ಇರುವವರಿಗೆ, 18ರ ಕೆಳಗೆ ಸೂಟ್ ಕಡ್ಡಾಯ. ಅವರು ಮಾಡಿದರೆ ಸುರಕ್ಷತೆ, ನೀವು ಮಾಡಿದರೆ ಮೋಸ ಹೇಗಾಗುತ್ತದೆ?

ನಿಮ್ಮ ಗೆಳತಿಯರು ಕೆಟ್ಟ ಉದ್ದೇಶದಿಂದ ಹೇಳಿರಲಿಕ್ಕಿಲ್ಲ. ಅಲ್ಲಿನ ಈ ಗುಂಪುಗಳನ್ನು ನಾನು ಬಲ್ಲೆ, ಬಹಳ ಒಳ್ಳೆಯ ಜನ. ಆದರೆ ಅವರನ್ನು ಎರಡು ಪ್ರಶ್ನೆ ಕೇಳಿ ನೋಡಿ. ಎಷ್ಟು ವರ್ಷದಿಂದ ಇಳಿಯುತ್ತಿದ್ದೀರಿ? ಒಂದು ಸಲಕ್ಕೆ ಎಷ್ಟು ಹೊತ್ತು ಇರುತ್ತೀರಿ? ಸಾಮಾನ್ಯವಾಗಿ ಉತ್ತರ ಹೀಗಿರುತ್ತದೆ: ವರ್ಷಪೂರ್ತಿ, ಚಳಿಗಾಲದಲ್ಲೂ ಬಿಡದೆ, ಆದರೆ ಹತ್ತು ಹದಿನೈದು ನಿಮಿಷ. ಆಮೇಲೆ ದಡದಲ್ಲಿ ಟೀ, ಕೇಕು, ಹರಟೆ. ಅದು ಒಂದು ಬಗೆಯ ಸುಖ. 55 ನಿಮಿಷ ಸತತವಾಗಿ ಈಜುವುದು ಬೇರೆಯದೇ ಲೆಕ್ಕ.

ನಿಮ್ಮ ತೀರ್ಮಾನ ಇರುವುದು ಇಲ್ಲೇ. ಎಷ್ಟು ಡಿಗ್ರಿ ಎಂಬುದರ ಜೊತೆ ಎಷ್ಟು ಹೊತ್ತು ಎಂದೂ ಕೇಳಬೇಕು. ವಿಂಡರ್‌ಮಿಯರ್ ಇಂಗ್ಲೆಂಡಿನ ಅತಿ ದೊಡ್ಡ ಸರೋವರ, ಉದ್ದ ಸುಮಾರು 17 ಕಿ.ಮೀ. ಆಳದ ನೀರು, ನಿಧಾನವಾಗಿ ಬೆಚ್ಚಗಾಗುತ್ತದೆ. ಜೂನ್ ಮಧ್ಯದಲ್ಲಿ ಸಾಮಾನ್ಯವಾಗಿ 14ರಿಂದ 17 ಡಿಗ್ರಿ ಇರುತ್ತದೆ. ಅಂಥ ನೀರಿನಲ್ಲಿ ಮೊದಲ ಕೆಲವು ನಿಮಿಷದ ಶಾಕ್ ದಾಟಿದ ಮೇಲೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ಮೋಸ ಅಂದರೆ ಇದು. ಹತ್ತು ಹದಿನೈದು ನಿಮಿಷದ ನಂತರ ಕೈಕಾಲಿನ ಸ್ನಾಯುಗಳು ತಣ್ಣಗಾಗುತ್ತವೆ. ಬೆರಳು ಕೂಡಿಸಲು ಆಗುವುದಿಲ್ಲ, ಅಂಗೈ ಅಗಲಿಸಿದ ಪೊರಕೆಯಂತಾಗುತ್ತದೆ. ನೀರು ಹಿಡಿಯುವುದಿಲ್ಲ, ವೇಗ ಬೀಳುತ್ತದೆ. ವೇಗ ಬಿದ್ದರೆ ಮೈಯಲ್ಲಿ ಬಿಸಿ ಹುಟ್ಟುವುದೂ ಕಡಿಮೆ. ಅರ್ಧ ಗಂಟೆ ದಾಟಿದ ಮೇಲೆ ಮೈಯ ಒಳಗಿನ ಉಷ್ಣತೆ ಇಳಿಯುವ ಸಾಧ್ಯತೆ. ಆಗ ತಲೆಯೂ ಮಂಕಾಗುತ್ತದೆ, 'ನನಗೆ ಚಳಿಯಾಗುತ್ತಿದೆ' ಎಂದು ಗುರುತಿಸುವ ಬುದ್ಧಿಯೇ ಮೊದಲು ಹೋಗುತ್ತದೆ. ಹೆಸರು ಕೇಳಿದರೆ ಸರಿಯಾಗಿ ಹೇಳಲಾಗದವರನ್ನು ನಾನೇ ದೋಣಿಗೆ ಎಳೆದುಕೊಂಡಿದ್ದೇನೆ. ಅವರು "ನಾನು ಚೆನ್ನಾಗಿದ್ದೇನೆ, ಬಿಡಿ" ಅಂತ ಜಗಳ ಆಡುತ್ತಿದ್ದರು.

ರೂಢಿಯಾದವರು, ವೇಗವಾಗಿ ಈಜುವವರು, ಇದೇ ದೂರವನ್ನು ಸೂಟಿಲ್ಲದೆ ಅರ್ಧ ಗಂಟೆಯಲ್ಲಿ ಮುಗಿಸಿ ನಗುತ್ತಾ ಎದ್ದು ಬರುತ್ತಾರೆ. ನೀವು ಇನ್ನೂ ಆ ಜಾಗದಲ್ಲಿಲ್ಲ. ಐದು ವಾರದಲ್ಲಿ ಶಾಕ್ ಅರ್ಧ ಮಾಡಬಹುದು. 55 ನಿಮಿಷ ಚಳಿ ತಡೆಯುವ ಮೈಯನ್ನು ಐದು ವಾರದಲ್ಲಿ ಕಟ್ಟಲು ಆಗುವುದಿಲ್ಲ. ಆದ್ದರಿಂದ ನನ್ನ ಸಲಹೆ ಸ್ಪಷ್ಟ: ಈ ಜೂನ್‌ನಲ್ಲಿ ಸೂಟ್ ಹಾಕಿ. ಪೂರ್ತಿ ತೋಳಿನದು.

ತೋಳಿಲ್ಲದ ಸೂಟ್ ಸಿಗುತ್ತದಲ್ಲ ಅಂತ ಕೇಳಬಹುದು. ಭುಜ ಹಗುರಾಗಿರುತ್ತದೆ, ಹಾಕುವುದು ಸುಲಭ, ಉಸಿರು ಕಟ್ಟಿದ ಭಾವನೆಯೂ ಕಡಿಮೆ. ನೀರು 18ರ ಮೇಲಿದ್ದರೆ ನಿಮಗೆ ಅದನ್ನೇ ಹೇಳುತ್ತಿದ್ದೆ. ಆದರೆ ಕಂಕುಳ ಹತ್ತಿರ ನೀರು ನುಗ್ಗುವುದು ಜಾಸ್ತಿ, ತೋಳು ಬೇಗ ಮರಗಟ್ಟುತ್ತದೆ. ಪೂರ್ತಿ ತೋಳಿನದರಲ್ಲಿ ಉಸಿರಾಡಲು ಆಗಲೇ ಇಲ್ಲ ಅನ್ನಿಸಿದರೆ ಮಾತ್ರ ಇದಕ್ಕೆ ಬನ್ನಿ, ಆಗ ಆ ದಿನದ ನೀರು ನೋಡಿ ಅರ್ಧ ಮೈಲಿಗೆ ಇಳಿಸಿಕೊಳ್ಳಬಹುದೇ ಎಂದು ಆಯೋಜಕರನ್ನು ಕೇಳಿ.

ಕುತ್ತಿಗೆ ಹಿಸುಕಿದ್ದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಜನ ಸೂಟ್ ಬಿಡುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಮೊದಲು ಅದು ಈಜುವ ಸೂಟೇ ಹೌದಾ ನೋಡಿ. ಸರ್ಫಿಂಗ್‌ಗೆ, ಡೈವಿಂಗ್‌ಗೆ ಮಾರುವ ಸೂಟುಗಳು ಒಳಗೂ ಹೊರಗೂ ಬಟ್ಟೆ ಹೊದಿಸಿದಂತೆ ಇರುತ್ತವೆ. ಭುಜದಲ್ಲಿ ದಪ್ಪ. ಅದರಲ್ಲಿ ಫ್ರೀಸ್ಟೈಲ್ ಅಂದರೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿ ರಾಗಿ ಬೀಸಿದ ಹಾಗೆ. ಈಜುವ ಸೂಟಿನ ಹೊರಮೈ ನುಣ್ಣಗೆ ಹೊಳೆಯುತ್ತದೆ. ಎದೆ, ತೊಡೆಯ ಹತ್ತಿರ 3ರಿಂದ 5 ಮಿ.ಮೀ. ದಪ್ಪ, ಭುಜದ ಹತ್ತಿರ 1.5 ಅಥವಾ 2.

ಎರಡನೆಯದು, ಹಾಕಿಕೊಂಡ ರೀತಿ. ಎದೆ ಕಟ್ಟಿತು ಅಂದವರಲ್ಲಿ ಮುಕ್ಕಾಲು ಪಾಲು ಜನರ ಸೂಟು ಸೈಜಿನಲ್ಲಿ ಚಿಕ್ಕದಿರುವುದಿಲ್ಲ, ಕೆಳಗೆ ಉಳಿದುಕೊಂಡಿರುತ್ತದೆ. ಕಾಲಿಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡರೆ ಸರ್ರನೆ ಒಳಗೆ ಹೋಗುತ್ತದೆ. ಕಣಕಾಲಿಗಿಂತ ಸ್ವಲ್ಪ ಮೇಲೇ ನಿಲ್ಲಿಸಿ. ಆಮೇಲೆ ಉಗುರು ತಾಗದಂತೆ, ಬೆರಳ ತುದಿಯಿಂದ ಚೂರು ಚೂರೇ ಹಿಡಿದು ಮೇಲಕ್ಕೆ ಸರಿಸಿ, ಬಿಗಿ ಪ್ಯಾಂಟ್ ಏರಿಸಿದ ಹಾಗೆ. ಕಾಲ ಸಂದಿಯಲ್ಲಿ ಎಲ್ಲೂ ಜಾಗ ಉಳಿಯಬಾರದು. ಆಮೇಲೆ ಹೊಟ್ಟೆ, ಆಮೇಲೆ ತೋಳು, ಕಂಕುಳು. ಎಲ್ಲ ಮೇಲೆ ಸರಿದ ಮೇಲೆ ಭುಜದ ಹತ್ತಿರ ಬಟ್ಟೆ ಸಡಿಲವಾಗಿ ಸುಕ್ಕು ಬೀಳಬೇಕು. ಆಗ ಜಿಪ್. ಇಷ್ಟಕ್ಕೆ ಮೊದಲ ಸಲ ಇಪ್ಪತ್ತು ನಿಮಿಷ ಬೇಕು, ಬೆವರು ಹರಿಯುತ್ತದೆ, ಬೈಗುಳವೂ ಬರುತ್ತದೆ.

ಮೂರನೆಯದು, ಸೂಟನ್ನು ಬಿಸಿ ಅಂಗಡಿಯಲ್ಲಿ ನಿಂತು ಅಳೆಯಬಾರದು, ನೀರಿನಲ್ಲಿ ಅಳೆಯಬೇಕು. ಒಣಗಿದ್ದಾಗ ಅದು ಎಲ್ಲರಿಗೂ ಬಿಗಿ. ಸೊಂಟದುದ್ದ ನೀರಿನಲ್ಲಿ ನಿಂತು, ಕುತ್ತಿಗೆ ಹತ್ತಿರ ಬೆರಳು ಹಾಕಿ ಎಳೆದು, ಸ್ವಲ್ಪ ನೀರು ಒಳಗೆ ಬಿಡಿ. ಎದ್ದು ನಿಂತು ಅದು ಇಳಿದುಹೋಗಲು ಬಿಡಿ. ಒಳಗಿನ ಗಾಳಿ ಹೊರಟುಹೋಗಿ ಸೂಟು ಮೈಗೆ ಕೂರುತ್ತದೆ. ಆಮೇಲೂ ಉದ್ದಕ್ಕೆ ಉಸಿರು ಎಳೆಯಲು ಆಗದಿದ್ದರೆ, ಕುತ್ತಿಗೆಯ ಪಕ್ಕ ಒತ್ತಿ ತಲೆ ತಿರುಗಿದಂತಾದರೆ, ಆ ಸೂಟು ನಿಮ್ಮದಲ್ಲ. ಒಂದು ಸೈಜ್ ಮೇಲೆ ಹೋಗುವ ಬದಲು ಬೇರೆ ಕಂಪನಿಯದು ನೋಡಿ. ಹೆಂಗಸರ ಕಟಿಂಗ್‌ನಲ್ಲೇ ಒಂದೊಂದು ಕಂಪನಿಯದು ಒಂದೊಂದು ಥರ ಇರುತ್ತದೆ.

ಬಿಪಿ ಇರುವುದರಿಂದ ನಿಮಗೆ ಇನ್ನೊಂದು ಮಾತು. ತಣ್ಣೀರಿನಲ್ಲಿ ಈಜುವಾಗ ಕೆಲವರಿಗೆ ಶ್ವಾಸಕೋಶದಲ್ಲಿ ನೀರಿನಂಶ ಸೇರಿಕೊಳ್ಳುತ್ತದೆ. ಅದು ಕುಡಿದ ನೀರಲ್ಲ, ಮೈಯೊಳಗಿನ ರಕ್ತನಾಳಗಳಿಂದಲೇ ಸೋರಿದ್ದು. ಚಳಿಗೆ ಕೈಕಾಲಿನ ರಕ್ತ ಎದೆಯ ಕಡೆಗೆ ನುಗ್ಗುವುದು, ಬಿಪಿ ಏರುವುದು ಇದಕ್ಕೆ ಕಾರಣ. ಎದೆ ಬಿಗಿದ ಸೂಟೂ ಇದಕ್ಕೆ ದಾರಿ ಮಾಡಬಹುದು ಎಂಬ ಅನುಮಾನವಿದೆ. ಆಗಾಗ ಆಗುವಂಥದ್ದಲ್ಲ, ಆದರೆ ಗುರುತು ಗೊತ್ತಿರಲಿ. ಶ್ರಮಕ್ಕೆ ಮೀರಿದ ಏದುಸಿರು, ಬಿಡದ ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು, ಕೆಮ್ಮಿದರೆ ನೊರೆ, ಕೆಲವೊಮ್ಮೆ ನಸುಗೆಂಪು. ಹೀಗಾದರೆ 'ಇನ್ನೊಂಚೂರು' ಎನ್ನಬೇಡಿ. ಬೆನ್ನ ಮೇಲೆ ತೇಲಿ, ಕೈ ಎತ್ತಿ ಕಾವಲಿನವರನ್ನು ಕರೆಯಿರಿ. ದಡದಲ್ಲಿ ಮಲಗಬೇಡಿ, ಕೂತುಕೊಳ್ಳಿ, 999ಕ್ಕೆ ಫೋನ್ ಮಾಡಿಸಿ. ಅದಕ್ಕೂ ಮುಂಚೆ, ಈ ವಾರವೇ, ನಿಮ್ಮ ಡಾಕ್ಟರಿಗೆ ತಣ್ಣೀರಿನಲ್ಲಿ ಈಜುತ್ತೇನೆ ಎಂದು ಹೇಳಿ ಕೇಳಿ. ಬಿಪಿ ಹಿಡಿತದಲ್ಲಿದೆಯೇ, ಈಗಿನ ಮಾತ್ರೆ ಸರಿಯೇ ಎಂದು ಅವರು ನೋಡಬೇಕು. ಅವರು ಬೇಡ ಅಂದರೆ ನನ್ನ ಇಷ್ಟುದ್ದದ ಉತ್ತರವನ್ನು ಬದಿಗಿಡಿ.

ಅಮ್ಮನ ಕೊಬ್ಬರಿ ಎಣ್ಣೆ! ಕಾಲುವೆ ಈಜುವವರು ಮೈಗೆ ಕೊಬ್ಬು ಬಳಿದುಕೊಳ್ಳುವ ಹಳೇ ಫೋಟೋಗಳನ್ನು ನೋಡಿ ಎಷ್ಟೋ ಜನ ಅದು ಚಳಿಗೆ ಅಂದುಕೊಂಡಿದ್ದಾರೆ. ಅದು ಮುಖ್ಯವಾಗಿ ಚರ್ಮ ಉಜ್ಜಿ ಕಿತ್ತುಹೋಗದಿರಲಿ ಅಂತ. ಕೂದಲೆಳೆಯಷ್ಟು ದಪ್ಪದ ಎಣ್ಣೆ ಚಳಿ ತಡೆಯಲಾರದು. ಚಳಿ ತಡೆಯುವ ಕೊಬ್ಬು ಚರ್ಮದ ಕೆಳಗಿರಬೇಕು, ಮೇಲಲ್ಲ. ಇನ್ನು ಎಣ್ಣೆ ಕೈಯಲ್ಲಿ ಗಾಗಲ್ಸ್ ಮುಟ್ಟಿದರೆ ಮುಗಿಯಿತು, ಇಡೀ ಮೈಲಿ ಮಂಜಿನಲ್ಲೇ. ಅಮ್ಮನ ಮಾತಿಗೂ ಮರ್ಯಾದೆ ಕೊಡಬೇಕೆಂದಿದ್ದರೆ, ಕುತ್ತಿಗೆ ಮತ್ತು ಕಂಕುಳಿಗೆ ಉಜ್ಜದಂತೆ ಏನಾದರೂ ಸವರಿಕೊಳ್ಳಿ. ವ್ಯಾಸಲೀನ್‌ನಂಥದ್ದು ಬೇಡ ಎಂದು ಸೂಟ್ ಮಾಡುವವರು ಹೇಳುತ್ತಾರೆ, ಅದಕ್ಕೆಂದೇ ಮಾರುವ ಬಾಮ್ ಸಿಗುತ್ತದೆ.

ಈ ಐದು ವಾರ ಹೀಗೆ ಮಾಡಿ. ವಾರಕ್ಕೆ ಎರಡು ಸಲ ಕಾವಲಿರುವ ಜಾಗಕ್ಕೆ ಹೋಗಿ, ಒಬ್ಬರೇ ಬೇಡ. ಮೊದಲ ಎರಡು ವಾರ ಈಜುವುದೇ ಬೇಡ. ಡಾಕ್ಟರ್ ಒಪ್ಪಿದ್ದರೆ, ಬರೀ ಸ್ವಿಮ್‌ಸೂಟಿನಲ್ಲಿ ನಿಧಾನವಾಗಿ ನಡೆದು ಇಳಿಯಿರಿ. ಹಾರಬೇಡಿ. ಬಾಯಿಂದ ಉದ್ದಕ್ಕೆ ಉಸಿರು ಬಿಡುತ್ತಾ ಇರಿ, ಎಳೆದುಕೊಳ್ಳುವುದು ತಾನಾಗಿ ಆಗುತ್ತದೆ. ಮುಖಕ್ಕೆ ನೀರು ಚಿಮುಕಿಸಿಕೊಳ್ಳಿ. ಕಾಲು ನೆಲಕ್ಕೆ ತಾಗುವ ಕಡೆ ಮೂರು ನಿಮಿಷ ನಿಂತು ಎದ್ದು ಬನ್ನಿ. ಗೆಳತಿಯರಿಗೂ ಖುಷಿ. ಇದನ್ನು ಸೂಟ್ ಇಲ್ಲದೆ ಯಾಕೆ ಮಾಡಿಸುತ್ತೇನೆ ಅಂದರೆ, ಸೂಟು ಶಾಕನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಮುಖ, ಕೈ, ಪಾದ ಬಯಲಲ್ಲೇ ಇರುತ್ತವೆ, ಬೆನ್ನ ಜಿಪ್ಪಿನಿಂದ ಮೊದಲ ತಣ್ಣೀರು ಇಳಿಯುವಾಗ ಯಾರಾದರೂ ಕಿರುಚಲೇಬೇಕು. ನೂರಾರು ಜನರ ಮಧ್ಯೆ, ಶಿಳ್ಳೆ ಊದಿದ ಕೂಡಲೇ ಅದು ಹೊಸದಾಗಿ ಬಂದರೆ ಗಾಬರಿ. ಸೂಟ್ ಹಾಕಿದವರು ಗಾಬರಿಯಾಗಿ ಕೈ ಎತ್ತುವುದು ನಾನು ಅತಿ ಹೆಚ್ಚು ನೋಡಿರುವುದು ಮೊದಲ ನೂರು ಮೀಟರಿನಲ್ಲೇ.

ಮೂರನೇ ವಾರದಿಂದ ಸೂಟ್ ಹಾಕಿ ಈಜಿ. ಹತ್ತು ನಿಮಿಷ, ಇಪ್ಪತ್ತು, ಆಮೇಲೆ ಮೂವತ್ತೈದು. ಸೊಂಟಕ್ಕೆ ಕಟ್ಟುವ, ಹಿಂದೆ ತೇಲಿಕೊಂಡು ಬರುವ ಬಣ್ಣದ ಟೋ ಫ್ಲೋಟ್ ಇರಲಿ. ಸೂಟ್ ತೇಲಿಸುತ್ತದೆ ನಿಜ, ಆದರೆ ಅದು ಲೈಫ್ ಜಾಕೆಟ್ ಅಲ್ಲ. ಪ್ರಜ್ಞೆ ತಪ್ಪಿದವರ ಮುಖವನ್ನು ಅದು ಮೇಲಕ್ಕೆ ತಿರುಗಿಸುವುದಿಲ್ಲ. ಜೊತೆಗೆ ಸೂಟೂ ಕಪ್ಪು, ಸರೋವರವೂ ಕಪ್ಪು, ದೋಣಿಯವರಿಗೆ ನೀವು ಕಾಣುವುದು ಕ್ಯಾಪ್ ಮತ್ತು ಫ್ಲೋಟಿನ ಬಣ್ಣದಿಂದಲೇ.

ಎದ್ದು ಬಂದ ಮೇಲಿನ ಹತ್ತು ನಿಮಿಷವನ್ನು ಜನ ಮರೆಯುತ್ತಾರೆ. ನೀರಿನಿಂದ ಹೊರಬಂದ ಮೇಲೂ ಸ್ವಲ್ಪ ಹೊತ್ತು ಮೈಯ ಒಳಗಿನ ಬಿಸಿ ಇಳಿಯುತ್ತಲೇ ಇರುತ್ತದೆ. ಹಾಗಾಗಿ ನಡುಕ ಶುರುವಾಗುವುದು ದಡದಲ್ಲಿ, ಫೋಟೋ ತೆಗೆಸಿಕೊಳ್ಳುವಾಗ. ಫೋಟೋ ಆಮೇಲೆ. ಒದ್ದೆಯದನ್ನೆಲ್ಲ ತೆಗೆದು, ಒರೆಸಿಕೊಂಡು, ಮೈಯ ಮೇಲ್ಭಾಗದಿಂದ ಶುರುಮಾಡಿ ಬಟ್ಟೆ ಹಾಕಿ. ಉಣ್ಣೆ ಟೋಪಿ, ದಪ್ಪ ಕಾಲುಚೀಲ. ಗುಂಡಿ ಇರುವ ಬಟ್ಟೆ ತರಬೇಡಿ, ಬೆರಳು ಕೇಳುವುದಿಲ್ಲ. ಬಿಸಿ ಶವರ್ ಕೆಳಗೆ ಓಡಬೇಡಿ, ಚರ್ಮದ ರಕ್ತನಾಳ ಒಮ್ಮೆಲೇ ತೆರೆದುಕೊಂಡು ತಲೆ ಸುತ್ತಿ ಬೀಳಬಹುದು. ಫ್ಲಾಸ್ಕಿನಲ್ಲಿ ಕಾಫಿ ಒಯ್ಯಿರಿ. ನಡುಕ ಪೂರ್ತಿ ನಿಲ್ಲುವವರೆಗೆ ಕಾರು ಓಡಿಸಬೇಡಿ.

ಕೊಳ್ಳುವ ಅವಸರ ಬೇಡ. ಅಲ್ಲಿ ಇಡೀ ಸೀಸನ್‌ಗೆ ಬಾಡಿಗೆ ಕೊಡುವವರಿದ್ದಾರೆ, ಸೀಸನ್ ಮುಗಿದ ಮೇಲೆ ಬಾಡಿಗೆ ಸೂಟುಗಳನ್ನೇ ಕಡಿಮೆಗೆ ಮಾರುತ್ತಾರೆ. ಒಂದೇ ಒಂದು ಈಜಿಗೆ ಮುನ್ನೂರು ಪೌಂಡ್ ಸುರಿದು, ಆಮೇಲೆ ಅದನ್ನು ಬೀರುವಿನಲ್ಲಿ ನೇತುಹಾಕಿದವರ ಮನೆಗಳಲ್ಲಿ ಊಟ ಮಾಡಿದ್ದೇನೆ. ಬಾಡಿಗೆ ತಂದರೂ ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಒಂದು ಕೆರೆಯ ಜೀವಿಗಳನ್ನು ಇನ್ನೊಂದಕ್ಕೆ ಒಯ್ಯದಿರಲಿ ಅಂತ ಅಲ್ಲಿನವರು ಇದನ್ನು ಗಟ್ಟಿಯಾಗಿ ಪಾಲಿಸುತ್ತಾರೆ. ಇನ್ನು ಸೂಟಿನಲ್ಲೇ ಮೂತ್ರ ಮಾಡುತ್ತಾರಾ ಅಂತ ನೀವು ಕೇಳಿಲ್ಲ. ಆದರೂ ಬಾಡಿಗೆಯದನ್ನು ಹಾಕುವ ಮುಂಚೆ ಒಂದು ಸಲ ಮೂಸಿ ನೋಡಿ.

ಸೂಟಿಲ್ಲದೆ ಈಜುವ ಆಸೆ ನಿಮ್ಮೊಳಗೆ ಇದ್ದೇ ಇದೆ ಅಂತ ಪತ್ರದಲ್ಲಿ ಕಾಣುತ್ತದೆ. ಅದನ್ನು ಬಿಡಬೇಡಿ, ಆಗಸ್ಟ್‌ಗೆ ಇಡಿ. ಆಗ ನೀರು ವರ್ಷದಲ್ಲೇ ಅತಿ ಬೆಚ್ಚಗಿರುತ್ತದೆ. ನಿಮಗೆ ಮೂರು ತಿಂಗಳ ರೂಢಿ ಆಗಿರುತ್ತದೆ. ದಡದ ಉದ್ದಕ್ಕೆ ಹದಿನೈದು ನಿಮಿಷದಿಂದ ಶುರುಮಾಡಿ. ಚಳಿನೀರು ನೇರವಾಗಿ ಚರ್ಮಕ್ಕೆ ತಾಗುವ ಸುಖ ನಿಜಕ್ಕೂ ಬೇರೆಯೇ, ಅದರಲ್ಲಿ ನಿಮ್ಮ ಗೆಳತಿಯರು ಸುಳ್ಳು ಹೇಳುತ್ತಿಲ್ಲ.

ಕೊನೆಗೆ ತಂಗಿಯ ವಿಷಯ. ಸೂಟನ್ನು ದಯವಿಟ್ಟು ಕಳಿಸಬೇಡಿ. ಗೋವಾದ ಕಡಲು ಅಕ್ಟೋಬರ್‌ನಲ್ಲಿ 29 ಡಿಗ್ರಿ ಆಸುಪಾಸು ಇರುತ್ತದೆ. ಐರನ್‌ಮ್ಯಾನ್ ಹೆಸರಿನ ಟ್ರಯಥ್ಲಾನ್ ಸ್ಪರ್ಧೆಗಳಲ್ಲಿ ನಮ್ಮ ನಿಮ್ಮಂಥವರಿಗೆ ಸೂಟಿನ ಮಿತಿ 24.5 ಡಿಗ್ರಿ, ಹಾಗಾಗಿ ಅಲ್ಲಿ ಹಾಕಲು ಬಿಡುವುದೇ ಇಲ್ಲ. ಬಿಟ್ಟರೂ ಹಾಕಬಾರದು. ನೀರು ಬೆಚ್ಚಗಿದ್ದಾಗ ಈಜುವವರ ಮೈಯಲ್ಲಿ ಹುಟ್ಟಿದ ಬಿಸಿ ಹೊರಗೆ ಹೋಗಲು ದಾರಿ ಬೇಕು. 2010ರ ಅಕ್ಟೋಬರ್‌ನಲ್ಲಿ ಯುಎಇಯ ಫುಜೈರಾದಲ್ಲಿ 10 ಕಿ.ಮೀ. ಸ್ಪರ್ಧೆಯ ನಡುವೆ ಅಮೆರಿಕದ ಫ್ರಾನ್ ಕ್ರಿಪೆನ್ ನೀರಿನಲ್ಲೇ ತೀರಿಕೊಂಡರು. 26 ವರ್ಷದ ಅನುಭವಿ ಈಜುಗಾರ, ವೆಟ್‌ಸೂಟ್ ಕೂಡ ಇರಲಿಲ್ಲ. ಅವತ್ತು ಕಡಲಿನ ನೀರು ತುಂಬ ಬಿಸಿಯಿತ್ತು. ಆಮೇಲೆಯೇ ನೀರು 31 ಡಿಗ್ರಿ ದಾಟಿದರೆ ಸ್ಪರ್ಧೆ ಇಲ್ಲ ಎಂಬ ನಿಯಮ ಬಂದದ್ದು. ಅಂಥ ನೀರಿನಲ್ಲಿ ಕಂಬಳಿ ಹೊದ್ದು ಈಜುವುದು ಬೇಡ. ನಮ್ಮ ಕರಾವಳಿಯಲ್ಲಿ ಡೈವಿಂಗ್ ಮಾಡುವವರು, ಉದಾಹರಣೆಗೆ ನೇತ್ರಾಣಿ ದ್ವೀಪದಲ್ಲಿ, ತೆಳು ಸೂಟ್ ಹಾಕುವುದು ಬೇರೆ ಕಾರಣಕ್ಕೆ: ಬಂಡೆ ತರಚದಿರಲಿ, ಜೆಲ್ಲಿ ಮೀನು ಕುಟುಕದಿರಲಿ ಅಂತ. ಅವರು ಅಲ್ಲಿ ನಿಧಾನವಾಗಿ ತೇಲುತ್ತಾರೆ, ರೇಸ್ ಮಾಡುವುದಿಲ್ಲ. ತಂಗಿಗೆ ಏನಾದರೂ ಕಳಿಸಲೇಬೇಕೆಂದಿದ್ದರೆ ಕಪ್ಪು ಗಾಜಿನ ಒಂದು ಗಾಗಲ್ಸ್ ಕಳಿಸಿ. ಬೆಳಗಿನ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆದರೆ ದಾರಿ ತೋರಿಸಲು ತೇಲಿಬಿಟ್ಟ ಮುಂದಿನ ಬೋಯ್ ಎಲ್ಲಿದೆ ಅಂತಲೇ ಕಾಣುವುದಿಲ್ಲ.